ಅಥಣಿಯ ಮಣೂಕ, ವೆರೋನಾದ ಅಮರೋನೆ: ಒಣದ್ರಾಕ್ಷಿಯ ಎರಡು ದಾರಿಗಳು

ಫೆಬ್ರುವರಿ ದಾಟಿದ ಮೇಲೆ ಅಥಣಿ ತಾಲೂಕಿನ ತೆಲಸಂಗದ ಕಡೆ ಹೋದರೆ ಹಸಿರು ಬಲೆ ಹೊದ್ದ ಉದ್ದುದ್ದ ಶೆಡ್‌ಗಳು ಕಾಣುತ್ತವೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಕದಡಿ, ಗೊನೆಗಳನ್ನು ಎರಡು ಮೂರು ನಿಮಿಷ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಒಳಗಿನ ನೀರು ಹೊರಗೆ ಬರುತ್ತದೆ. ಸುಮಾರು ಹದಿನೈದು ದಿನಕ್ಕೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಆ ಹೊತ್ತಿನಲ್ಲಿ ಒಂದು ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕಪ್ಪಿಟ್ಟಿತೆಂದೇ ಲೆಕ್ಕ.

ಇಟಲಿಯ ವೆರೋನಾ ಪಕ್ಕದ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲೂ ದ್ರಾಕ್ಷಿ ಒಣಗಿಸುತ್ತಾರೆ. ಅಲ್ಲಿನ ತಳಿ ಕೊರ್ವಿನಾ, ದಪ್ಪ ಸಿಪ್ಪೆಯ ಕಪ್ಪು ಹಣ್ಣು. ಬಿಸಿಲಿನ ಬದಲು ಚಳಿಗಾಲದ ಗಾಳಿ. ಹದಿನೈದು ದಿನದ ಬದಲು ನೂರರಿಂದ ನೂರಿಪ್ಪತ್ತು ದಿನ. ತೂಕದಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು, ಇಳಿದ ಮೇಲೆ ಹಿಂಡಿ ಮದ್ಯ ಮಾಡುತ್ತಾರೆ. ಹಿಂದೆ ಒಣಗಿಸಲು ಬಳಸುತ್ತಿದ್ದುದು ರೇಷ್ಮೆಹುಳು ಸಾಕುವ ದಬ್ಬೆಯ ತಟ್ಟೆಗಳನ್ನೇ. ರಾಮನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

6ನೇ ಶತಮಾನದಲ್ಲಿ ಕ್ಯಾಸಿಯೋಡೋರಸ್ ಎಂಬ ಅಧಿಕಾರಿ ಅರಮನೆಯ ಊಟಕ್ಕೆ ಈ ವೆರೋನಾ ಮದ್ಯ ತರಿಸಲು ಬರೆದ ಓಲೆ ಉಳಿದಿದೆ. ಅದರಲ್ಲಿ ಹಣ್ಣು ಒಣಗಿಸುವ ಕ್ರಮದ ವರ್ಣನೆಯೂ ಇದೆ. ಶತಮಾನಗಳ ಕಾಲ ಅದು ಸಿಹಿ ಮದ್ಯವಾಗಿಯೇ ಇತ್ತು, ಹೆಸರು ರೆಚೋತೊ. ಸ್ಥಳೀಯ ನುಡಿಯಲ್ಲಿ ಅದರ ಮೂಲ ‘ಕಿವಿ’: ಗೊನೆಯ ಮೇಲ್ಭಾಗದಲ್ಲಿ ಕಿವಿಯಂತೆ ಚಾಚಿ ಬಿಸಿಲುಂಡ ಹಣ್ಣು. ನೆಗ್ರಾರ್ ಊರಿನ ಸಹಕಾರಿ ಕಾರ್ಖಾನೆಯಲ್ಲಿ 1936ರಲ್ಲಿ ಮರೆತುಹೋದ ಪೀಪಾಯಿಯೊಂದರ ಸಕ್ಕರೆಯೆಲ್ಲ ಹುಳಿತು ಕಹಿಯಾಯಿತು, ಆ ಕಹಿಯೇ ‘ಅಮರೋನೆ’ ಆಯಿತು ಎಂಬ ಕಥೆಯನ್ನು ಆ ಊರಿನವರು ಹೇಳುತ್ತಾರೆ. 1968ರಲ್ಲಿ ಅದಕ್ಕೆ ಸರಕಾರಿ ಮನ್ನಣೆ ಸಿಕ್ಕಿತು, 2010ರಲ್ಲಿ ಇಟಲಿಯ ಅತಿ ಎತ್ತರದ ದರ್ಜೆ.

ಹಾಗಾದರೆ ಒಣಗಿಸುವ ವಿದ್ಯೆ ಕೈಯಲ್ಲೇ ಇದ್ದ ಅಥಣಿ ಯಾಕೆ ಮದ್ಯದ ಕಡೆ ಹೊರಳಲಿಲ್ಲ? ಲಿಂಗಾಯತ, ಜೈನ ಮನೆಗಳ ಆಚಾರವೇ ಕಾರಣ ಎಂಬುದು ಸುಲಭದ ಉತ್ತರ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ. ಇದೇ ಸೀಮೆಯ ಉಗಾರ ಖುರ್ದದಲ್ಲಿ 1939ರಷ್ಟು ಹಳೆಯ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಇದೆ. ಕಾಕಂಬಿಯ ಸ್ಪಿರಿಟ್ಟಿಗೆ ಅಡ್ಡಬಾರದ ಆಚಾರ ದ್ರಾಕ್ಷಿಗಷ್ಟೇ ಅಡ್ಡಬಂತೆ? ನಿಪ್ಪಾಣಿ ತಂಬಾಕಿಗೆ, ಚಿಕ್ಕೋಡಿ, ರಾಯಬಾಗ, ಕಾಗವಾಡ ಕಬ್ಬಿಗೆ ನಿಂತವು. ಅಥಣಿಯ ಪೂರ್ವದ ಒಣಭೂಮಿಗೆ ಬಂದದ್ದು ಥಾಮ್ಸನ್ ಸೀಡ್‌ಲೆಸ್, ಅದರದೇ ಆಯ್ಕೆಯಾದ ತಾಸ್-ಎ-ಗಣೇಶ. ಎರಡೂ ಬಿಳಿ, ತೆಳು ಸಿಪ್ಪೆ, ಬೀಜವಿಲ್ಲ. ತಿನ್ನಲು, ಒಣಗಿಸಲು ಚೆಂದ. ಕೆಂಪು ಮದ್ಯಕ್ಕೆ ಬೇಕಾದ ಬಣ್ಣ, ಒಗರು ಅವುಗಳಲ್ಲಿಲ್ಲ. ಗಡಿ ದಾಟಿದರೆ ತಾಸಗಾವಿಯ ಬೇದಾಣಾ, ಅಂದರೆ ಒಣದ್ರಾಕ್ಷಿಯ, ಪೇಟೆ. ಪೇಟೆ ಕೇಳಿದ್ದನ್ನು ರೈತ ಬೆಳೆದ.

ಮಹಾರಾಷ್ಟ್ರದ 2001ರ ವೈನ್ ನೀತಿಯಿಂದ ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿ ವೈನ್ ಪಾರ್ಕ್ ಎದ್ದಿತು. ಕರ್ನಾಟಕ 2007ರಲ್ಲಿ ತನ್ನ ನೀತಿ ತಂದು ಮಂಡಳಿ ರಚಿಸಿತು, ಕೃಷ್ಣಾ ಕಣಿವೆಯನ್ನು ಒಂದು ವೈನ್ ವಲಯವೆಂದು ಕರೆಯಿತು. ಆದರೆ ಇಟಲಿಯ ಕೆಂಪು ತಳಿ ಬೇರೂರಿದ್ದು ಸೋಲಾಪುರ ಜಿಲ್ಲೆಯ ಅಕಲೂಜದಲ್ಲಿ. ಫ್ರಾಟೆಲ್ಲಿ ವೈನ್ ಕಂಪನಿಗಾಗಿ ಟಸ್ಕನಿಯ ಮದ್ಯತಜ್ಞ ಪಿಯೆರೊ ಮಾಸಿ ಅಲ್ಲಿ ಸಾಂಜೊವೇಸೆ ಬೆಳೆಸಿದರು.

ಒಣದ್ರಾಕ್ಷಿ ಮದ್ಯವಾಗುವ ಇನ್ನೊಂದು ದಾರಿಯನ್ನು ನಮ್ಮ ಚರಿತ್ರೆಕಾರರು ಗಮನಿಸಿದ್ದು ಕಡಿಮೆ. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಿರಸದ ಮದ್ಯವನ್ನು ‘ಮಧು’ ಎನ್ನುತ್ತದೆ. ಶಾರ್ಙ್ಗಧರ ಸಂಹಿತೆಯ ದ್ರಾಕ್ಷಾರಿಷ್ಟದಲ್ಲಿ ದ್ರಾಕ್ಷಿಯ ಕಷಾಯ, ಬೆಲ್ಲ ಸೇರಿ ಹುಳಿಯುತ್ತವೆ. ಔಷಧಿಯವರು ಇಂದಿಗೂ ಹಾಕುವುದು ಒಣದ್ರಾಕ್ಷಿಯನ್ನೇ. ಬಾಟಲಿಯ ಮೇಲೆ ತಾನಾಗಿ ಹುಟ್ಟಿದ ಆಲ್ಕೋಹಾಲಿನ ಪ್ರಮಾಣ ನಮೂದಾಗಿರುತ್ತದೆ. ಹೆಂಡದ ಹೆಸರೆತ್ತದ ಮನೆಗಳ ಗೂಡಿನಲ್ಲಿ ಒಣದ್ರಾಕ್ಷಿಯ ಮದ್ಯ ಹೀಗೆ ಚಮಚದ ಲೆಕ್ಕದಲ್ಲಿ ನೆಲೆಸಿತ್ತು. ಅಮರೋನೆಗೆ ಇಲ್ಲಿ ನಂಟು ಹುಡುಕುವುದಾದರೆ ಈ ಗೂಡಿನಲ್ಲೇ ಹುಡುಕಬೇಕು.

ರುಚಿಯ ಮಾತು. ಅಮರೋನೆಯ ಮೊದಲ ಗುಟುಕಿಗೆ ಒಣಹಣ್ಣಿನ ಘಮ, ಸಿಹಿ ಬಂತೆಂಬ ಭ್ರಮೆ. ಕೊನೆಗೆ ನಾಲಿಗೆಯ ಮೇಲೆ ಕೋಕೋದಂಥ ಕಹಿ. ಆಲ್ಕೋಹಾಲು ಶೇಕಡಾ 15ರ ಆಸುಪಾಸು. 18 ಡಿಗ್ರಿಯಲ್ಲಿ ಕುಡಿಯಬೇಕೆನ್ನುತ್ತಾರೆ. ಮಾರ್ಚಿನ ಅಥಣಿಯಲ್ಲಿ ಅದಕ್ಕೆ ಫ್ರಿಜ್ಜೇ ಗತಿ. ವೆರೋನಾದವರು ಇದರ ಜೊತೆಗೆ ನಿಧಾನವಾಗಿ ಬೆಂದ ಮಾಂಸ, ಹಳೆಯ ಗಿಣ್ಣು ಉಣ್ಣುತ್ತಾರೆ, ಇದನ್ನೇ ಸುರಿದು ಅನ್ನವನ್ನೂ ಬೇಯಿಸುತ್ತಾರೆ. ಗಡಿಭಾಗದ ಕೆಂಪು ಮಾಂಸದ ಸಾರು, ತಾಂಬಡಾ ರಸ್ಸಾದ ಜೊತೆ ಇಟ್ಟರೆ ಖಾರ ಇಮ್ಮಡಿಸಿ ಬಾಯಿ ಉರಿದೀತು. ಬಿಳಿ ಸಾರು, ಪಾಂಢರಾ ರಸ್ಸಾ, ತಕ್ಕಮಟ್ಟಿಗೆ ಹೊಂದುತ್ತದೆ. ಎಲ್ಲಕ್ಕಿಂತ ಸರಿಯಾದ ಜೋಡಿ, ನನ್ನ ಮಟ್ಟಿಗೆ, ಖಾರ ಇಳಿಸಿ ಮಾಡಿದ ಬದನೆಯ ಎಣ್ಣೆಗಾಯಿ: ಶೇಂಗಾ, ಎಳ್ಳಿನ ಎಣ್ಣೆ ಒಗರನ್ನು ತಡೆಯುತ್ತದೆ, ಬೆಲ್ಲದ ತುಣುಕು ಆ ಕಹಿಯನ್ನು ಹದಕ್ಕೆ ತರುತ್ತದೆ. ಶೇಂಗಾ ಹೋಳಿಗೆ ಬಡಿಸುವ ಹೊತ್ತಿಗೆ ಮಾತ್ರ ಅಮರೋನೆ ಎತ್ತಿಟ್ಟು ರೆಚೋತೊ ತೆಗೆಯಬೇಕು; ಸಿಗದಿದ್ದರೆ ಗೂಡಿನ ದ್ರಾಕ್ಷಾರಿಷ್ಟ ಇದ್ದೇ ಇದೆ, ಎರಡೇ ಚಮಚ.