ಟ್ರೆಂಟ್ ದಂಡೆಯ ಎರಡು ಆಟಗಳು

ಕ್ರಿಕೆಟ್ಟಿನಿಂದಲೇ ಹೊಟ್ಟೆ ಹೊರೆದ ಆಟಗಾರನೊಬ್ಬ ನಿವೃತ್ತಿಯ ನಂತರ ಗಾಳದ ಸ್ಪರ್ಧೆಗಳಿಗೆ ಇಳಿದನೆಂದರೆ ನಮಗೆ ಅದು ಹೊಂದಿಕೆಯಾಗದ ಜೋಡಿಯಂತೆ ಕಾಣುತ್ತದೆ. ಒಂದು ಸಾವಿರಾರು ಜನರ ಕೂಗಿನ ನಡುವಿನ ಆಟ, ಇನ್ನೊಂದು ನೀರಿನ ಪಕ್ಕ ಕೂತು ಕಾಯುವ ಕೆಲಸ. ಹೀಗನ್ನಿಸಲು ಕಾರಣವೂ ಇದೆ. ನಮ್ಮ ಕಡೆಗೆ ಬಂದ ಗಾಳದ ಆಟ ಸಾಹೇಬರದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಹೊರತಂದ ‘ದ ರಾಡ್ ಇನ್ ಇಂಡಿಯಾ’ ಓದಿ ಕಾವೇರಿಯಂಥ ಹೊಳೆಗಳಲ್ಲಿ ಮಹಶೀರ್ ಬೆನ್ನಟ್ಟಿದವರು ಬಹುಪಾಲು ಅಧಿಕಾರಿಗಳು. ಇಂಗ್ಲೆಂಡಿನ ದುಡಿಯುವ ಜನ ಕಟ್ಟಿಕೊಂಡ ಇನ್ನೊಂದು ಪರಂಪರೆ ಹಡಗು ಹತ್ತಿ ಇಲ್ಲಿಗೆ ಬರಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವೃತ್ತಿಪರ ಕ್ರಿಕೆಟ್ ಮತ್ತು ಸ್ಪರ್ಧೆಯ ಗಾಳ ಒಂದೇ ಮನೆಯ ಮಕ್ಕಳು ಎಂಬುದು ನನ್ನ ವಾದ.

ನಾಟಿಂಗ್‌ಹ್ಯಾಮಿನಿಂದಲೇ ಶುರು ಮಾಡೋಣ. ವಿಲಿಯಂ ಕ್ಲಾರ್ಕ್ ಎಂಬ ಇಟ್ಟಿಗೆ ಕೆಲಸದವನು 1837ರಲ್ಲಿ ಟ್ರೆಂಟ್ ನದಿಯ ಸೇತುವೆ ಬಳಿ ಪಬ್ ನಡೆಸುತ್ತಿದ್ದ ವಿಧವೆಯನ್ನು ಮದುವೆಯಾದ. ಆ ಪಬ್ಬಿನ ಹಿಂದಿನ ಜಾಗವನ್ನೇ ಆಟಕ್ಕೆ ಹದ ಮಾಡಿ ಬೇಲಿ ಹಾಕಿಸಿದ. ಇಂದಿನ ಟ್ರೆಂಟ್ ಬ್ರಿಜ್ ಕ್ರೀಡಾಂಗಣ ಹುಟ್ಟಿದ್ದು ಹೀಗೆ. 1846ರಲ್ಲಿ ಅವನು ಕಟ್ಟಿದ ಆಲ್ ಇಂಗ್ಲೆಂಡ್ ಇಲೆವೆನ್ ತನ್ನ ಮೊದಲ ಪಂದ್ಯವನ್ನು ಶೆಫೀಲ್ಡ್‌ನಲ್ಲಿ, ಆ ಊರಿನ ಇಪ್ಪತ್ತು ಜನರ ಎದುರು ಆಡಿತು. ಕ್ಲಾರ್ಕ್ ಕೂಲಿ ಕೊಟ್ಟು ಆಟಗಾರರನ್ನು ಊರೂರಿಗೆ ಕರೆದೊಯ್ದ, ಪ್ರೇಕ್ಷಕರಿಂದ ಹಣ ಪಡೆದ. ಅದಕ್ಕೆ ಬೆನ್ನೆಲುಬಾದದ್ದು ಹೊಸ ರೈಲು. ಅದೇ ನಾಟಿಂಗ್‌ಹ್ಯಾಮ್, ಅದೇ ಶೆಫೀಲ್ಡ್ ಗಾಳದ ಸ್ಪರ್ಧೆಯ ತವರೂ ಹೌದು. ಟ್ರೆಂಟ್‌ನ ಹರಿವಿಗೆ ಒಪ್ಪುವಂತೆ ಸಲೀಸಾಗಿ ಸುತ್ತುವ ಮರದ ರೀಲು ನಾಟಿಂಗ್‌ಹ್ಯಾಮಿನ ಹೆಸರಿನಲ್ಲೇ ಪ್ರಸಿದ್ಧವಾಯಿತು. ಶೆಫೀಲ್ಡ್‌ನ ಚಾಕು-ಕತ್ತರಿ ಮಾಡುವ ಕಾರ್ಮಿಕರು ಪಬ್ಬುಗಳಲ್ಲಿ ಗಾಳದ ಕ್ಲಬ್ಬು ಕಟ್ಟಿ, ವಿಶೇಷ ರೈಲು ಹಿಡಿದು ಲಿಂಕನ್‌ಶೈರಿನ ನೀರಿಗೆ ಹೋಗುತ್ತಿದ್ದರು. ಎರಡೂ ಕಡೆ ಪಬ್ಬಿನ ಯಜಮಾನನ ಆಸರೆ, ಬಾಜಿಯ ಹಣ, ವಾರದ ಬಿಡುವಿನ ಗಂಟೆಗಳು.

ವರ್ಗಭೇದದಲ್ಲೂ ಇವೆರಡು ಒಂದನ್ನೊಂದು ಹೋಲುತ್ತಿದ್ದವು. ಕ್ರಿಕೆಟ್ಟಿನಲ್ಲಿ ಹಣ ಪಡೆಯದ ಸಿರಿವಂತರು ‘ಜಂಟಲ್‌ಮೆನ್’, ಕೂಲಿಗೆ ಆಡುವವರು ‘ಪ್ಲೇಯರ್ಸ್’. ಅವರಿಗೆ ಬೇರೆ ಬೇರೆ ಕೋಣೆ, ಮೈದಾನಕ್ಕೆ ಇಳಿಯಲು ಬೇರೆ ಬೇರೆ ಬಾಗಿಲು. 1806ರಲ್ಲಿ ಶುರುವಾದ ಅವರಿಬ್ಬರ ನಡುವಿನ ಪಂದ್ಯ ಕೊನೆಯದಾಗಿ ನಡೆದದ್ದು 1962ರಲ್ಲಿ, ಆ ಭೇದ ರದ್ದಾದ ವರ್ಷ. ನೀರಿನಲ್ಲೂ ಇಂಥದೇ ಗೆರೆ ಇತ್ತು. ಸಾಮನ್, ಟ್ರೌಟ್ ಮೀನುಗಳ ಹೊಳೆಗಳು ಬಹಳಷ್ಟು ಕಡೆ ಜಮೀನ್ದಾರರ ಹಿಡಿತದಲ್ಲಿದ್ದವು. ಉಳಿದ ರೋಚ್, ಬ್ರೀಮ್, ಪರ್ಚ್‌ಗಳಿಗೆ ‘ಒರಟು ಮೀನು’ ಎಂದು ಹೆಸರು. ಅವುಗಳ ಪಾಲುದಾರರು ಕಾಲುವೆ ದಂಡೆಯ ಕಾರ್ಮಿಕರು. ಸ್ಪರ್ಧೆ ಬೆಳೆದದ್ದು ಈ ಒರಟು ಮೀನಿನ ಸುತ್ತ. ಶೆಫೀಲ್ಡ್‌ನ ಸಂಸದ ಮುಂಡೆಲ್ಲಾ 1878ರಲ್ಲಿ ತಂದ ಕಾಯ್ದೆ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನು ಹಿಡಿಯುವುದನ್ನು ನಿಲ್ಲಿಸಿ, ಅವುಗಳ ಸಂತಾನಕ್ಕೆ ರಕ್ಷಣೆ ಕೊಟ್ಟಿತು. ಸಾಮಾನ್ಯರ ಮೀನಿಗೂ ಕಾನೂನಿನ ಕಾವಲು ಬೇಕೆಂದು ಪಾರ್ಲಿಮೆಂಟು ಒಪ್ಪಿದ ಆ ಗಳಿಗೆ ನನಗೆ ಯಾವ ಟೆಸ್ಟ್ ಗೆಲುವಿಗೂ ಕಡಿಮೆಯದಲ್ಲ. ಈ ತಿಂಗಳುಗಳನ್ನು ಕ್ರಿಕೆಟ್ ಪಂಚಾಂಗದ ಪಕ್ಕ ಇಟ್ಟು ನೋಡಬೇಕು. ಕ್ರಿಕೆಟ್ ಮುಗಿಯುತ್ತಿದ್ದದ್ದು ಸೆಪ್ಟೆಂಬರಿನಲ್ಲಿ. ಯಾರ್ಕ್‌ಶೈರಿನ ಆಟಗಾರರಿಗೆ ಅವರ ನಾಯಕ ಲಾರ್ಡ್ ಹಾಕ್ ಚಳಿಗಾಲದ ಸಂಬಳ ಕೊಡಿಸುವುದಕ್ಕೆ ಮೊದಲು ವೃತ್ತಿಪರರಿಗೆ ಆ ಮೇಲೆ ಕ್ರಿಕೆಟ್ಟಿನ ಕೂಲಿ ಇರಲಿಲ್ಲ. ಗಾಳಕ್ಕಾದರೋ ಇನ್ನೂ ಆರು ತಿಂಗಳು ಬಾಕಿ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. 1653ರಲ್ಲಿ ಐಸಾಕ್ ವಾಲ್ಟನ್ ಬರೆದ ಪುಸ್ತಕದಿಂದ ಹಿಡಿದು ಇಂಗ್ಲಿಷರು ಗಾಳವನ್ನು ಧ್ಯಾನವೆಂದೇ ಕಂಡಿದ್ದಾರೆ, ಅದಕ್ಕೂ ಕ್ರಿಕೆಟ್ಟಿನ ಪೈಪೋಟಿಗೂ ಏನು ಸಂಬಂಧ ಎಂದು ಕೇಳಬಹುದು. ಆದರೆ ವಾಲ್ಟನ್ನನ ಓದುಗ ಬೇರೆ, ಶೆಫೀಲ್ಡ್‌ನ ಸ್ಪರ್ಧಿ ಬೇರೆ. ಸ್ಪರ್ಧೆಯಲ್ಲಿ ಕೂರುವ ಜಾಗವನ್ನು ಚೀಟಿ ಎತ್ತಿ ಹಂಚುತ್ತಾರೆ, ಸೂಚನೆ ಕೊಟ್ಟ ಮೇಲಷ್ಟೇ ಗಾಳ ನೀರಿಗೆ ಬೀಳಬೇಕು, ಹಿಡಿದ ಮೀನನ್ನು ಕಡೆಗೆ ತಕ್ಕಡಿಯಲ್ಲಿ ತೂಗುತ್ತಾರೆ. ಒಳ್ಳೆಯ ಜಾಗ ಸಿಕ್ಕವನಿಗೆ ಅದೃಷ್ಟ ಒಲಿದಿರುತ್ತದೆ. ಕೆಟ್ಟ ಜಾಗದಿಂದಲೂ ತೂಕ ತೆಗೆಯುವವನೇ ನುರಿತವನು. ಟಾಸ್ ಸೋತು ಒದ್ದೆ ಪಿಚ್ಚಿನಲ್ಲಿ ಬ್ಯಾಟ್ ಹಿಡಿದು ಬದುಕಿದವನಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ. 1903ರಲ್ಲಿ ಗಾಳಗಾರರ ರಾಷ್ಟ್ರೀಯ ಒಕ್ಕೂಟ, 1906ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಬಂದ ಮೇಲಂತೂ ಒಂಟಿತನದ ಮಾತು ನಿಲ್ಲುವುದಿಲ್ಲ. ಅದು ತಂಡಗಳ ಆಟವಾಗಿತ್ತು.

ಇನ್ನೊಂದು ಆಕ್ಷೇಪ: ನಿವೃತ್ತರಾದ ಹಳೆಯ ವೃತ್ತಿಪರರಲ್ಲಿ ಹೆಚ್ಚಿನವರು ಪಬ್ ಇಟ್ಟರು, ಅಂಪೈರಾದರು, ಶಾಲೆಗಳಲ್ಲಿ ಆಟ ಕಲಿಸಿದರು, ಗಾಳ ನಂಬಿ ಬದುಕಿದವರು ಎಲ್ಲಿ? ಮಾತು ನಿಜ. ಗಾಳ ಅವರಿಗೆ ಅನ್ನ ಕೊಡುವ ದಾರಿಯಾಗಿರಲಿಲ್ಲ. ಅದರ ಬಹುಮಾನ ಬಹಳ ಸಲ ತಾಮ್ರದ ಕೆಟಲಿನಂಥ ಮನೆಬಳಕೆಯ ವಸ್ತು. ಆದರೆ ನನ್ನ ವಾದ ಆದಾಯದ ಬಗ್ಗೆ ಅಲ್ಲ. ಮೂವತ್ತೈದು, ನಲವತ್ತರ ವಯಸ್ಸಿಗೆ ದೇಹ ಕೈಕೊಟ್ಟ ಮೇಲೂ ಲೆಕ್ಕ ಹಾಕುವ, ಹೊಂಚುವ, ಗೆಲ್ಲಬೇಕೆನ್ನುವ ಬುದ್ಧಿ ಚುರುಕಾಗಿಯೇ ಇರುತ್ತದೆ. ಆ ಬುದ್ಧಿಗೆ ಊರಿನಲ್ಲೇ, ತನ್ನ ಜನರ ನಡುವೆಯೇ ಒಂದು ಕಣ ಸಿಗುವುದು ಸಣ್ಣ ಸಂಗತಿಯಲ್ಲ.

ನಮ್ಮ ಕಾಲದ ಆಸ್ಟ್ರೇಲಿಯಾ ಕ್ರಿಕೆಟಿಗ ಆಂಡ್ರ್ಯೂ ಸೈಮಂಡ್ಸ್ ಈ ಮಾತಿಗೆ ಎದುರು ಸಾಕ್ಷಿಯಂತೆ ಕಾಣಬಹುದು. ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಳೆದ ಅವರಿಗೆ ಮೀನು ಹಿಡಿಯುವುದು ಸ್ಪರ್ಧೆಯಲ್ಲ, ಬಿಡುಗಡೆಯಾಗಿತ್ತು. 2008ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಎದುರಿನ ಸರಣಿಗೆಂದು ಡಾರ್ವಿನ್‌ನಲ್ಲಿದ್ದಾಗ ಅವರು ತಂಡದ ಸಭೆ ತಪ್ಪಿಸಿ ಮೀನು ಹಿಡಿಯಲು ಹೋದರು, ಆಡಳಿತ ಅವರನ್ನು ಮನೆಗೆ ಕಳಿಸಿತು. ಕ್ಲಾರ್ಕ್‌ನ ಕಾಲದ ಆಟಗಾರನಿಗೆ ಕೆಲಸವಿಲ್ಲದ ಚಳಿಗಾಲವೇ ಕಷ್ಟವಾಗಿತ್ತು. ಸೈಮಂಡ್ಸ್ ಕಾಲದವರಿಗೆ ಬಿಡುವೇ ಇಲ್ಲದ ಪಂಚಾಂಗ. ಹಾಗಾಗಿ ಗಾಳದಿಂದ ಅವರು ಬೇಡಿದ್ದೂ ಬೇರೆಯಾಯಿತು: ಹಿಂದಿನವರು ಅದರಲ್ಲಿ ಪೈಪೋಟಿ ಹುಡುಕಿದರು, ಸೈಮಂಡ್ಸ್ ಪೈಪೋಟಿಯಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿದರು.