ಐವತ್ತೆರಡು ದಿನಗಳ ಪಾಠ

ಕಿವಿಗೂ ವಿದ್ಯೆಗೂ ನಮ್ಮ ಹಿರಿಯರು ಹಾಕಿದ ಗಂಟು ಬಹಳ ಬಿಗಿಯಾದದ್ದು. ವೇದಕ್ಕೆ ಶ್ರುತಿಯೆಂದು ಹೆಸರು. ಪಂಡಿತನನ್ನು ಬಹುಶ್ರುತನೆಂದು ಹೊಗಳುತ್ತೇವೆ. ಗುರುಸೇವೆಗೆ ಹೇಳುವ ಶುಶ್ರೂಷೆ ಎಂಬ ಮಾತಿಗೂ ಮೂಲದಲ್ಲಿ ಕೇಳಬೇಕೆಂಬ ಬಯಕೆ ಎಂದೇ ಅರ್ಥ. ಹೀಗಿರುವಲ್ಲಿ ಕಿವಿ ಕೇಳದವನ ಪಾಡೇನು? ಗಾದೆಯೊಂದು ಅವನ ಮುಂದೆ ಶಂಖ ಊದಿ ಸುಮ್ಮನಾಯಿತು. ಮನೆಯ ಮಾತೇ ಅವನಿಗೆ ದೂರ, ಇನ್ನು ಪರಭಾಷೆಯ ಸುದ್ದಿಯೇಕೆ ಎಂದು ತಿಳಿದವರು ನಮ್ಮಲ್ಲಿ ಮಾತ್ರವಲ್ಲ, ಯೂರೋಪಿನಲ್ಲಿಯೂ ಬಹುಕಾಲ ಇದ್ದರು. ಈ ತಿಳಿವಳಿಕೆಯನ್ನು ವಾದದಿಂದಲ್ಲದೆ ತನ್ನ ಬದುಕಿನಿಂದಲೇ ಸುಳ್ಳುಮಾಡಿದವನು ಲೊರಾಂ ಕ್ಲೆರ್ ಎಂಬ ಫ್ರೆಂಚ್ ಕಿವುಡ.

ಕ್ಲೆರ್ ಹುಟ್ಟಿದ್ದು 1785ರ ಡಿಸೆಂಬರ್ 26ರಂದು, ಲಿಯಾನ್ ನಗರಕ್ಕೆ ಅಷ್ಟೇನೂ ದೂರವಲ್ಲದ ಲಾ ಬಾಲ್ಮ್ ಎಂಬ ಹಳ್ಳಿಯಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ಬೆಂಕಿಗೆ ಬಿದ್ದು ಅವನ ಬಲಗೆನ್ನೆ ಸುಟ್ಟಿತು. ಕಿವಿ ಹೋದದ್ದು ಆಗಲೇ ಎಂದು ಮನೆಯವರ ನಂಬಿಕೆ. ಹುಟ್ಟಿನಿಂದಲೇ ಕೇಳುತ್ತಿರಲಿಲ್ಲವೆಂದರೂ ಇರಬಹುದು. ಆ ಕಲೆಯೇ ಮುಂದೆ ಅವನ ಹೆಸರಾಯಿತು. ಎರಡು ಬೆರಳುಗಳನ್ನು ಕೆನ್ನೆಯ ಮೇಲೆ ಕೆಳಕ್ಕೆ ಸವರಿದರೆ ಅಮೆರಿಕದ ಕಿವುಡರು ಇಂದಿಗೂ ಕ್ಲೆರ್ ಎಂದು ತಿಳಿಯುತ್ತಾರೆ.

ಹನ್ನೆರಡನೆಯ ವಯಸ್ಸಿನವರೆಗೆ ಹುಡುಗನಿಗೆ ಅಕ್ಷರವಿಲ್ಲ. 1797ರಲ್ಲಿ ಅವನನ್ನು ಪ್ಯಾರಿಸ್ಸಿನ ಕಿವುಡರ ಶಾಲೆಗೆ ಸೇರಿಸಿದರು. ಆ ಶಾಲೆಯ ಮೂಲಪುರುಷನು ಎಪೇ ಎಂಬ ಪಾದ್ರಿ. ಕಿವುಡರು ತಮ್ಮತಮ್ಮೊಳಗೆ ಆಡುವ ಕೈಸನ್ನೆಯು ಹುಚ್ಚಾಟವಲ್ಲ, ಅದರ ಮೂಲಕವೇ ಅವರಿಗೆ ಫ್ರೆಂಚ್ ಓದುಬರಹವನ್ನು ಕಲಿಸಬಹುದು ಎಂದು ಕಂಡವನು ಅವನು. 1789ರಲ್ಲಿ ಅವನು ತೀರಿಕೊಂಡ ಮೇಲೆ ಸಿಕಾರ್ ಪಾದ್ರಿಯು ಶಾಲೆಯ ಹೊಣೆ ಹೊತ್ತಿದ್ದನು. ಕ್ಲೆರನಿಗೆ ಪಾಠ ಹೇಳಿದವರಲ್ಲಿ ಮುಖ್ಯನಾದ ಮಾಸಿಯ ಎಂಬಾತನು ತಾನೂ ಕಿವುಡನೇ. ಬಾಯಿಮಾತು ಕಲಿಸಲು ಹೊರಟ ಇನ್ನೊಬ್ಬ ಉಪಾಧ್ಯಾಯನು ಮಾತ್ರ, ಹುಡುಗನಿಗೆ ‘ದ’ಕಾರ ‘ತ’ಕಾರಗಳ ಭೇದ ಬಾರದೆಂದು ಗದ್ದಕ್ಕೆ ಹೊಡೆದನಂತೆ, ನಾಲಗೆ ಕಚ್ಚಿಹೋಯಿತಂತೆ. ಇನ್ನು ಬಾಯಿಯ ಗೊಡವೆಯೇ ಬೇಡವೆಂದು ಕ್ಲೆರ್ ಅಂದೇ ನಿಶ್ಚಯಿಸಿದನೆಂದು ಹೇಳುತ್ತಾರೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿ ಬಿದ್ದ ಏಟುಗಳನ್ನು ನೆನೆದರೆ, ಕೇಳುವ ಕಿವಿಯಿದ್ದವರೂ ಈ ಹುಡುಗನಿಗಾಗಿ ಮರುಗದೆ ಇರರು.

ಇತ್ತ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಕಾಗ್ಸ್‌ವೆಲ್ ಎಂಬ ವೈದ್ಯನಿಗೆ ಆಲಿಸ್ ಎಂಬ ಕಿವುಡ ಮಗಳಿದ್ದಳು. ಅವಳಂಥ ಮಕ್ಕಳಿಗೆ ಆ ದೇಶದಲ್ಲಿ ಒಂದು ಶಾಲೆಯೂ ಇಲ್ಲ. ಊರಿನವರು ಹಣ ಕೂಡಿಸಿ, ಥಾಮಸ್ ಗ್ಯಾಲೊಡೆಟ್ ಎಂಬ ಯುವಕನನ್ನು ವಿದ್ಯೆ ತರಲೆಂದು 1815ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಕಿವುಡರ ಶಿಕ್ಷಣವು ಬ್ರೇಡ್‌ವುಡ್ ಮನೆತನದ ಕೈಯಲ್ಲಿತ್ತು. ವರ್ಷಗಟ್ಟಲೆ ತಮ್ಮಲ್ಲಿ ದುಡಿಯಬೇಕು, ಕಲಿತದ್ದನ್ನು ಗುಟ್ಟಾಗಿಡಬೇಕು ಎಂದು ಅವರ ಷರತ್ತು. ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಗುರುಗಳು ಎಲ್ಲ ದೇಶದಲ್ಲಿಯೂ ಇದ್ದಾರೆ! ಗ್ಯಾಲೊಡೆಟ್ ಒಪ್ಪಲಿಲ್ಲ. ಅದೇ ಕಾಲಕ್ಕೆ ಸಿಕಾರನು ತನ್ನ ಇಬ್ಬರು ಶಿಷ್ಯರಾದ ಮಾಸಿಯ, ಕ್ಲೆರರೊಡನೆ ಲಂಡನ್ನಿಗೆ ಬಂದಿದ್ದನು. ಸಭೆಯವರು ಕೇಳಿದ ಪ್ರಶ್ನೆಗಳಿಗೆ ಆ ಇಬ್ಬರು ಕಿವುಡರು ಹಲಗೆಯ ಮೇಲೆ ಉತ್ತರ ಬರೆಯುತ್ತಿದ್ದರು. ಅದನ್ನು ಕಂಡ ಗ್ಯಾಲೊಡೆಟ್ ಮರುವರ್ಷ ಪ್ಯಾರಿಸ್ಸಿಗೆ ಹೋಗಿ ಕೆಲವು ತಿಂಗಳು ಕಲಿತನು. ಕೊನೆಗೆ, ಕಲಿತದ್ದು ಸಾಲದೆಂದು ಕಂಡು, ಕ್ಲೆರನನ್ನೇ ತನ್ನೊಡನೆ ಬಾ ಎಂದು ಕರೆದನು. ಕರಾರು ಮೂರು ವರ್ಷಗಳದು. ಮಗನನ್ನು ಸಮುದ್ರದಾಚೆಗೆ ಕಳುಹಿಸಲು ತಾಯಿಗೆ ಮನಸ್ಸಿರಲಿಲ್ಲ. ಅವನು ಊರಿಗೆ ಹೋಗಿ ಬೀಳ್ಕೊಂಡು ಬಂದನು.

1816ರ ಜೂನ್ 18ರಂದು ‘ಮೇರಿ ಆಗಸ್ಟಾ’ ಎಂಬ ಹಡಗು ಫ್ರಾನ್ಸಿನ ದಡ ಬಿಟ್ಟಿತು; ನ್ಯೂಯಾರ್ಕ್ ಸೇರಿದ್ದು ಆಗಸ್ಟ್ 9ರಂದು. ಈ ಐವತ್ತೆರಡು ದಿನಗಳಲ್ಲಿ ನಡೆದದ್ದು ಭಾಷೆ ಕಲಿಸುವವರೆಲ್ಲ ಮನಸ್ಸಿಟ್ಟು ನೋಡಬೇಕಾದ ಸಂಗತಿ. ಕ್ಲೆರನಿಗೆ ಇಂಗ್ಲಿಷ್ ಬರುತ್ತಿದ್ದುದು ಅತ್ಯಲ್ಪ. ಗ್ಯಾಲೊಡೆಟನಿಗೆ ಸನ್ನೆ ಬರುತ್ತಿದ್ದುದೂ ಅಷ್ಟಕ್ಕಷ್ಟೆ. ಒಬ್ಬನು ಇಂಗ್ಲಿಷ್ ಕಲಿಸಿದನು, ಇನ್ನೊಬ್ಬನು ಸನ್ನೆ ಕಲಿಸಿದನು. ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು. ಕ್ಲೆರ್ ದಿನದಿನವೂ ಇಂಗ್ಲಿಷಿನಲ್ಲಿ ದಿನಚರಿ ಬರೆದನು. ಗ್ಯಾಲೊಡೆಟ್ ಅದನ್ನು ತಿದ್ದಿದನು. ಆ ದಿನಚರಿ ಇಂದಿಗೂ ಉಳಿದಿದೆ. ಗಮನಿಸಬೇಕಾದುದೇನೆಂದರೆ, ಕ್ಲೆರನಿಗೆ ಇಂಗ್ಲಿಷ್ ಎರಡನೆಯ ಭಾಷೆಯಲ್ಲ, ಮೂರನೆಯದು. ಮೊದಲನೆಯದು ಕೈಯ ಭಾಷೆ, ಎರಡನೆಯದು ಬರೆಹದ ಫ್ರೆಂಚ್. ಈ ಮೂರರಲ್ಲಿ ಒಂದನ್ನೂ ಅವನು ಕಿವಿಯಿಂದ ಪಡೆದವನಲ್ಲ. ಮೊದಲನೆಯದು ಗಟ್ಟಿಯಾಗಿದ್ದುದರಿಂದ ಉಳಿದೆರಡು ನಿಂತವು ಎಂದು ನನಗೆ ತೋರುತ್ತದೆ.

ದಡ ಸೇರಿದ ಮೇಲೆ ಅವನಿಗೆ ಬಿಡುವಿಲ್ಲ. ಊರೂರಿನ ಸಭೆಗಳಲ್ಲಿ ಅವನು ಇಂಗ್ಲಿಷಿನಲ್ಲಿ ಭಾಷಣ ಬರೆಯುವನು, ಗ್ಯಾಲೊಡೆಟ್ ಓದುವನು. ಜನರು ಚೀಟಿಯಲ್ಲಿ ಕೇಳಿದ್ದಕ್ಕೆ ಕ್ಲೆರ್ ಬರೆದು ಉತ್ತರಿಸುವನು. ಹಣ ಕೂಡಿತು, ಕನೆಕ್ಟಿಕಟ್ ಸಂಸ್ಥಾನದ ಶಾಸನಸಭೆಯೂ 5,000 ಡಾಲರ್ ಕೊಟ್ಟಿತು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆಯಿತು. ಮೊದಲ ವಿದ್ಯಾರ್ಥಿಗಳಲ್ಲಿ ಆಲಿಸಳೂ ಇದ್ದಳು. ಮೂರು ವರ್ಷಕ್ಕೆಂದು ಬಂದವನು ನಡುವೆ ತಾಯ್ನಾಡಿಗೆ ಹೋಗಿ ಬಂದನೇ ಹೊರತು ಅಲ್ಲಿ ನೆಲಸಲಿಲ್ಲ; 1858ರವರೆಗೆ ಅಲ್ಲಿಯೇ ಪಾಠ ಹೇಳಿದನು.

ಅವನು ತಂದ ಫ್ರೆಂಚ್ ಸನ್ನೆಗಳು ಮಕ್ಕಳು ತಮ್ಮತಮ್ಮ ಊರುಗಳಿಂದ ತಂದ ಸನ್ನೆಗಳೊಡನೆ ಬೆರೆತು ಅಮೆರಿಕದ ಸಂಜ್ಞಾಭಾಷೆಯಾಯಿತು. ಹೀಗಾಗಿ ಒಂದು ವಿಚಿತ್ರವುಂಟು: ಇಂಗ್ಲೆಂಡಿನವರೂ ಅಮೆರಿಕದವರೂ ಆಡುವುದು ಒಂದೇ ಇಂಗ್ಲಿಷ್, ಆದರೆ ಆ ಎರಡು ದೇಶಗಳ ಕಿವುಡರ ಸಂಜ್ಞಾಭಾಷೆಗಳು ಬೇರೆಬೇರೆ. ಅಮೆರಿಕದ ಸಂಜ್ಞೆಗೆ ನೆಂಟಸ್ತಿಕೆ ಇರುವುದು ಫ್ರಾನ್ಸಿನ ಸಂಜ್ಞೆಯೊಡನೆ.

1864ರಲ್ಲಿ ಅಧ್ಯಕ್ಷ ಲಿಂಕನ್ನನ ಸಹಿಯೊಡನೆ ವಾಷಿಂಗ್ಟನ್ನಿನ ಕಿವುಡರ ಸಂಸ್ಥೆಗೆ ಪದವಿ ಕೊಡುವ ಅಧಿಕಾರ ದೊರೆಯಿತು. ಅದರ ಮುಖ್ಯಸ್ಥನು ಗ್ಯಾಲೊಡೆಟನ ಮಗ ಎಡ್ವರ್ಡ್; ಇಂದಿನ ಗ್ಯಾಲೊಡೆಟ್ ವಿಶ್ವವಿದ್ಯಾನಿಲಯವು ಅದೇ. ಕಾಲೇಜಿನ ಆರಂಭೋತ್ಸವಕ್ಕೆ ಎಪ್ಪತ್ತೆಂಟು ವರ್ಷದ ಕ್ಲೆರನೂ ಬಂದಿದ್ದನು. 1869ರಲ್ಲಿ ಅವನು ತೀರಿಕೊಂಡನು.

ಮುಂದಿನ ಹನ್ನೊಂದು ವರ್ಷಕ್ಕೆ ಕಾಲಚಕ್ರ ಹಿಂದಕ್ಕೆ ತಿರುಗಿತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿತು. 164 ಪ್ರತಿನಿಧಿಗಳಲ್ಲಿ ಕಿವುಡನು ಒಬ್ಬನೇ. ಶಾಲೆಗಳಲ್ಲಿ ಸನ್ನೆಯನ್ನು ಬಿಟ್ಟು ಬಾಯಿಮಾತಿನಿಂದಲೇ ಕಲಿಸಬೇಕೆಂದು ಠರಾವಾಯಿತು. ಎಡ್ವರ್ಡ್ ಗ್ಯಾಲೊಡೆಟನ ವಿರೋಧ ನಡೆಯಲಿಲ್ಲ. ಯೂರೋಪಿನ ಎಷ್ಟೋ ಶಾಲೆಗಳಲ್ಲಿ ಕಿವುಡ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ಕ್ಲೆರನು ಕಲಿತು ಕಲಿಸಿದ ಪ್ಯಾರಿಸ್ಸಿನ ಶಾಲೆಯೂ ಬಾಯಿಮಾತಿನ ದಾರಿ ಹಿಡಿಯಿತು. ಆ ಸಮ್ಮೇಳನದ ಉತ್ತರಾಧಿಕಾರಿಗಳು ವ್ಯಾಂಕೂವರಿನಲ್ಲಿ ಸೇರಿ ಈ ಠರಾವಿಗಾಗಿ ವಿಷಾದ ಸೂಚಿಸಿದ್ದು 2010ರಲ್ಲಿ. ನೂರ ಮೂವತ್ತು ವರ್ಷಗಳ ಮೇಲೆ.

ವಾಷಿಂಗ್ಟನ್ನಿನ ಕಾಲೇಜು ಮಾತ್ರ ಕೈಯ ಭಾಷೆಯನ್ನು ಬಿಡಲಿಲ್ಲ. ಅಲ್ಲಿಯ ಅಧ್ಯಾಪಕ ವಿಲಿಯಂ ಸ್ಟೋಕಿಯು 1960ರಲ್ಲಿ, ಸಂಜ್ಞೆಗಳಿಗೂ ಮಾತಿನ ಧ್ವನಿಗಳಿಗೆ ಇರುವಂಥದೇ ಘಟಕಗಳೂ ಕಟ್ಟಳೆಯೂ ಉಂಟೆಂದು ತೋರಿಸಿದನು. ಏಳು ವರ್ಷಗಳ ಮೇಲೆ, 1967ರಲ್ಲಿ, ನಮ್ಮ ದೇಶದ ಮದನ ವಾಸಿಷ್ಠರು ಅಲ್ಲಿಗೆ ವಿದ್ಯಾರ್ಥಿಯಾಗಿ ಹೋದರು. ಹಿಮಾಚಲದ ಹಳ್ಳಿಯವರು, ಹನ್ನೊಂದನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಕಿವುಡಾದವರು, ದೆಹಲಿಯಲ್ಲಿ ಛಾಯಾಗ್ರಹಣ ಕಲಿತವರು. ಅಮೆರಿಕದ ಸಂಜ್ಞೆಯನ್ನು ಅವರು ಪರಭಾಷೆಯಾಗಿಯೇ ಕಲಿಯಬೇಕಾಯಿತು. ಕ್ಲೆರನು ಕಲಿಸಲು ಹೋದ ನಾಡಿಗೆ ಇವರು ಕಲಿಯಲು ಹೋದರು.

ನಮ್ಮಲ್ಲಿ ಕಿವುಡ ವಿದ್ಯಾರ್ಥಿಗೆ ಎರಡನೆಯ ಭಾಷೆಯಿಂದ ವಿನಾಯಿತಿ ಕೊಡುವ ನಿಯಮಗಳಿವೆ. ಅದರ ಹಿಂದಿರುವುದು ಕರುಣೆಯೇ. ತೊಡಕಿಗೆ ಸಿಕ್ಕ ಮಗುವಿಗೆ ಅದು ಬೇಕಾದದ್ದೂ ಹೌದು. ಆದರೆ ವಿನಾಯಿತಿ ಕೊಟ್ಟು ಕೈತೊಳೆದುಕೊಳ್ಳುವುದು ಕಲಿಸುವುದಕ್ಕಿಂತ ಸುಲಭವೆಂಬುದನ್ನು ಭಾಷೆಯ ಅಧ್ಯಾಪಕರಾದ ನಾವು ಬಲ್ಲೆವು.

ವಾಸಿಷ್ಠರು ಕಲಿತು ಅಲ್ಲಿಯೇ ಉಳಿದರೂ ಅವರ ಕೆಲಸ ಇತ್ತಲೂ ಹರಿಯಿತು. ಜೇಮ್ಸ್ ವುಡ್‌ವರ್ಡ್ ಮೊದಲಾದ ವಿದ್ವಾಂಸರೊಡನೆ ಅವರು ದೆಹಲಿ, ಮುಂಬಯಿ, ಕಲ್ಕತ್ತ, ಬೆಂಗಳೂರುಗಳ ಕಿವುಡರ ಸಂಜ್ಞೆಗಳನ್ನು ಸಂಗ್ರಹಿಸಿ ಹೋಲಿಸಿದರು. ಹಿಂದಿ, ಮರಾಠಿ, ಬಂಗಾಳಿ, ಕನ್ನಡಗಳ ನಡುವೆ ಇರುವ ದೂರವು ಆ ಊರುಗಳ ಸಂಜ್ಞೆಗಳ ನಡುವೆ ಇರಲಿಲ್ಲ; ಅವು ಒಂದೇ ಕುಟುಂಬದವೆಂದು ಕಂಡುಬಂದಿತು. ಬೆಂಗಳೂರಿನ ಸಂಜ್ಞೆಗಳನ್ನು ಕುರಿತ ಅವರ ಪುಸ್ತಕವು 1985ರಲ್ಲಿ ವಾಷಿಂಗ್ಟನ್ನಿನ ಆ ಕಿವುಡರ ವಿದ್ಯಾಲಯದಿಂದಲೇ ಹೊರಬಂದಿತು.