ಸಿಸೇರಿಯನ್ ನೋವಿಗೆ ಮದ್ದು: ನಡೆದು ಬಂದ ದಾರಿ

ಸಿಸೇರಿಯನ್ ಆದ ಬಾಣಂತಿಗೆ ಎರಡು ಬಗೆಯ ನೋವು. ಒಂದು ಹೊಲಿಗೆಯದು; ಮಗ್ಗುಲು ಬದಲಿಸಿದರೆ, ಕೆಮ್ಮಿದರೆ ಚುರುಕ್ಕೆನ್ನುತ್ತದೆ. ಇನ್ನೊಂದು ಗರ್ಭಕೋಶ ಕುಗ್ಗುವಾಗ ಒಳಗಿನಿಂದ ಹಿಂಡುವ ನೋವು. ಮಗು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಸ್ರವಿಸುವುದರಿಂದ, ಹಾಲೂಡಿಸುವ ಹೊತ್ತಿಗೇ ಅದು ಜೋರಾಗುತ್ತದೆ.

‘ಹೆತ್ತ ಮೇಲೆ ನೋವು ಇದ್ದದ್ದೇ’ ಎಂದು ತಳ್ಳಿಹಾಕುವಂತಿಲ್ಲ. ಹೆರಿಗೆ ಯಾವ ಬಗೆಯದೇ ಆಗಿರಲಿ, ಮೊದಲ ದಿನಗಳ ನೋವು ತೀವ್ರವಾಗಿದ್ದವರಲ್ಲಿ ಎರಡು ತಿಂಗಳ ಬಳಿಕವೂ ಉಳಿಯುವ ನೋವು ಮತ್ತು ಖಿನ್ನತೆ ಹೆಚ್ಚೆಂದು 2008ರಲ್ಲಿ ಸಂಶೋಧಕ ಐಸೆನಾಕ್ ಮತ್ತು ಸಂಗಡಿಗರು ತೋರಿಸಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಹೆರಿಗೆಗಳಲ್ಲಿ ಶೇ. 21.5, ಕರ್ನಾಟಕದಲ್ಲಿ ಶೇ. 31.5 ಸಿಸೇರಿಯನ್. ಹಾಗಾಗಿ ಇದು ನಮ್ಮ ಮನೆಮನೆಯ ವಿಷಯ.

ಬಹುಕಾಲ ನಡೆದದ್ದು ಒಂದೇ ಪದ್ಧತಿ: ನೋವು ಎಂದಾಗ ಸ್ನಾಯುವಿಗೆ ಪೆಥಿಡಿನ್‌ನಂಥ ಒಂದು ಇಂಜೆಕ್ಷನ್. ಅದರಿಂದ ಮಂಪರು, ವಾಕರಿಕೆ; ಪ್ರಭಾವ ಇಳಿದ ಮೇಲೆ ಮತ್ತೆ ನರ್ಸ್‌ಗಾಗಿ ಕಾಯುವುದು.

ತಿರುವು ಸಿಕ್ಕಿದ್ದು ಬೆನ್ನಿನಲ್ಲಿ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲೇ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಚುಚ್ಚಿ ಶಸ್ತ್ರಚಿಕಿತ್ಸೆ ಮಾಡಿದ್ದರು. ಆದರೆ ಅಂಥ ಅರಿವಳಿಕೆ ಕೆಲವೇ ಗಂಟೆಗಳದು. 1970ರ ದಶಕದಲ್ಲಿ ಬೆನ್ನುಹುರಿಯಲ್ಲೇ ಮಾರ್ಫಿನ್ ಕೆಲಸ ಮಾಡುವ ಗ್ರಾಹಕಗಳಿವೆ ಎಂದು ಗೊತ್ತಾಯಿತು. 1979ರಲ್ಲಿ ಕ್ಯಾನ್ಸರ್ ರೋಗಿಗಳ ಬೆನ್ನಿಗೆ ಮಾರ್ಫಿನ್ ಕೊಟ್ಟು ನೋಡಲಾಯಿತು. ಅಲ್ಲಿಂದ ಅದು ಹೆರಿಗೆ ಶಸ್ತ್ರಚಿಕಿತ್ಸಾ ಕೊಠಡಿಗೆ ಬಂತು. ಅರಿವಳಿಕೆಯ ಅದೇ ಸೂಜಿಯಲ್ಲಿ ಚಿಟಿಕೆಯಷ್ಟು ಮಾರ್ಫಿನ್ ಸೇರಿಸಿದರೆ ಎರಡೂ ನೋವು ಸುಮಾರು ಒಂದು ದಿನ ತಗ್ಗಿರುತ್ತವೆ. ಆರಂಭದ ದಿನಗಳಲ್ಲಿ ಪ್ರಮಾಣ ಹೆಚ್ಚಿತ್ತು. ಮೈ ತುರಿಕೆ, ವಾಂತಿ, ಅಪರೂಪಕ್ಕೆ ಉಸಿರಾಟ ನಿಧಾನವಾಗುವ ಭಯ ಕಾಡುತ್ತಿತ್ತು. ಮಿಲಿಗ್ರಾಮಿನ ಹತ್ತನೆಯ ಒಂದು ಭಾಗ ದಾಟಿದರೆ ತುರಿಕೆ ಹೆಚ್ಚುತ್ತದೆಯೇ ಹೊರತು ನೋವು ಇನ್ನಷ್ಟು ಇಳಿಯುವುದಿಲ್ಲ ಎಂದು 1999ರ ಅಧ್ಯಯನವೊಂದು ಕಂಡುಕೊಂಡಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ತಿಳಿವಳಿಕೆ ಇದೇ.

2001ರಲ್ಲಿ ರಫಿ ಎಂಬ ವೈದ್ಯರು ಹೊಟ್ಟೆಯ ಸ್ನಾಯುಪದರಗಳ ನಡುವೆ ಮರಗಟ್ಟಿಸುವ ಔಷಧಿ ಬಿಡುವ ‘ಟ್ಯಾಪ್ ಬ್ಲಾಕ್’ ವಿವರಿಸಿದರು. ಈಗ ಅದನ್ನು ಅಲ್ಟ್ರಾಸೌಂಡ್ ನೋಡುತ್ತಲೇ ಕೊಡುತ್ತಾರೆ. ಇದು ಹೊಲಿಗೆಯ ನೋವಿಗೆ ಒಳ್ಳೆಯದು, ಗರ್ಭಕೋಶದ ನೋವಿಗೆ ತಾಗದು. ಬೆನ್ನಿಗೆ ಮಾರ್ಫಿನ್ ಸಿಕ್ಕವರಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಸಿಗದವರಿಗೆ ದೊಡ್ಡ ಆಸರೆ.

ಇವೆಲ್ಲದರ ನಡುವೆ ಪ್ಯಾರಾಸಿಟಮಾಲ್ ಮತ್ತು ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳಂಥ ಅಗ್ಗದ ಮಾತ್ರೆಗಳನ್ನು ಕಡೆಗಣಿಸಿದ್ದೇವೆ. ಕೇಳಿದಾಗ ಕೊಡುವ ಬದಲು ಹೊತ್ತು ಹೊತ್ತಿಗೆ ಕೊಟ್ಟರೆ ಈ ಎರಡು ಬಗೆಯ ಮಾತ್ರೆಗಳೂ ಕೂಡಿ ಮಾರ್ಫಿನ್‌ನಂಥ ಔಷಧಿಗಳ ಅಗತ್ಯವನ್ನೇ ಇಳಿಸುತ್ತವೆ, ಹಾಲೂಡಿಸುವುದಕ್ಕೂ ಅಡ್ಡಿಯಿಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣಿನಂಥವು ಇದ್ದವರಿಗೆ ಮಾತ್ರ ಡೈಕ್ಲೋಫೆನಾಕ್ ಗುಂಪು ಬೇಡ. ಕೊಡೈನ್, ಟ್ರಮಡಾಲ್ ಎಂಬ ನೋವಿನ ಮದ್ದುಗಳ ಮಾತು ಬೇರೆ: ಕೆಲವು ತಾಯಂದಿರ ಮೈ ಇವನ್ನು ಅತಿ ವೇಗವಾಗಿ ಪ್ರಬಲ ರೂಪಕ್ಕೆ ತಿರುಗಿಸಿ ಹಾಲಿಗೆ ಸೇರಿಸುತ್ತದೆ. ಹಾಲೂಡಿಸುವವರು ಇವನ್ನು ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು.

2021ರಲ್ಲಿ ಪರಿಷ್ಕೃತವಾದ ‘ಪ್ರಾಸ್ಪೆಕ್ಟ್’ ಅಂತರರಾಷ್ಟ್ರೀಯ ಮಾರ್ಗಸೂಚಿ ನೋವಿನ ಉಪಾಯಗಳನ್ನು ಹೀಗೆ ಜೋಡಿಸಿದೆ: ಬೆನ್ನಿಗೆ ಅಲ್ಪ ಮಾರ್ಫಿನ್, ತಪ್ಪದೆ ಎರಡು ಬಗೆಯ ಮಾತ್ರೆ, ಹೆರಿಗೆಯಾದ ಮೇಲೆ ಒಂದು ಡೋಸ್ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಮಾರ್ಫಿನ್ ಇಲ್ಲದಿದ್ದರೆ ಬ್ಲಾಕ್. ಹೊಟ್ಟೆಗೆ ಪಟ್ಟಿ ಕಟ್ಟುವುದನ್ನೂ ಅದು ಸೂಚಿಸುತ್ತದೆ. ಬಾಣಂತಿಗೆ ಹೊಟ್ಟೆ ಕಟ್ಟುವ ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ.

ನಮ್ಮಲ್ಲಿ ತೊಡಕು ಮಾರ್ಫಿನ್‌ನದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯನ್ನು 2014ರ ತಿದ್ದುಪಡಿ ಸಡಿಲಿಸಿದರೂ, ಮಾರ್ಫಿನ್ ಇಟ್ಟುಕೊಳ್ಳಲು ಸಣ್ಣ ಆಸ್ಪತ್ರೆಗಳು ಹಿಂಜರಿಯುತ್ತವೆ. ಕೊಟ್ಟ ಮೇಲೆ ರಾತ್ರಿಯಿಡೀ ಉಸಿರು ಗಮನಿಸುವ ಸಿಬ್ಬಂದಿಯೂ ಬೇಕು. ಮಾತ್ರೆಗೆ ಆ ನೆಪವಿಲ್ಲ. ಮನೆಯಲ್ಲಿ ಯಾರಿಗಾದರೂ ಸಿಸೇರಿಯನ್ ನಿಗದಿಯಾಗಿದ್ದರೆ, ‘ನೋವಿನ ಮಾತ್ರೆ ಎಷ್ಟು ಗಂಟೆಗೊಮ್ಮೆ ಕೊಡುತ್ತೀರಿ?’ ಎಂದು ಅರಿವಳಿಕೆ ತಜ್ಞರನ್ನು ಹಿಂದಿನ ದಿನವೇ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.